ಅಜ್ಜಿಯ ಬೇಲಿ ಮತ್ತು ಈಶಾನ್ಯದ ಗೇಟು

ಯಾವ ದೇಶಕ್ಕೆ ಹೋದರೂ ನಾನು ಕೊನೆಗೆ ಯಾರದೋ ಬೇಲಿಗೆ ಸಿಕ್ಕಿಕೊಳ್ಳುತ್ತೇನೆ. ಬಹಳ ವರ್ಷ ಟ್ರಾವೆಲ್ ಕಂಪನಿಯೊಂದರ ಪರವಾಗಿ ಊರೂರಿನ ಹೋಟೆಲುಗಳಲ್ಲಿ ಮಲಗಿ, ಹಾಸಿಗೆ ಹೇಗಿದೆ ಎಂದು ವರದಿ ಬರೆಯುವುದು ನನ್ನ ಉದ್ಯೋಗವಾಗಿತ್ತು. ಮಲಗಿ ಸಂಬಳ ತೆಗೆದುಕೊಂಡವಳನ್ನು ಮೈಮುರಿಯುವ ಕೆಲಸಗಳು ತಾವಾಗಿ ಹುಡುಕಿಕೊಂಡು ಬರುತ್ತವೆ ಎಂದು ಕಾಣುತ್ತದೆ. ಸ್ಯಾನ್ ಡಿಯೇಗೊದ ಆ ಶನಿವಾರಗಳನ್ನು ನೆನೆದರೆ ಈಗಲೂ ಅಂಗೈ ತುರಿಸುತ್ತದೆ. ಮುಳ್ಳುತಂತಿ ಗೀರಿದ ಜಾಗ ಅದು.

೧. ಹಗ್ಗ ಇತ್ತಲ್ಲ

ಉತ್ತರ ಸ್ಯಾನ್ ಡಿಯೇಗೊದ ರಾಂಚೊ ಬರ್ನಾರ್ಡೊ ಬಡಾವಣೆಯಿಂದ ಪೂರ್ವಕ್ಕೆ ಮುಕ್ಕಾಲು ಗಂಟೆ ಡ್ರೈವ್ ಮಾಡಿದರೆ ಗುಡ್ಡಗಳ ನಡುವೆ ಒಂದು ಕಣಿವೆ. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ಅಮೆರಿಕನ್ ಹೆಂಗಸು ಹತ್ತು ಹನ್ನೆರಡು ದನ ಸಾಕಿಕೊಂಡಿದ್ದಳು. ನಾವು ಕನ್ನಡದವರೆಲ್ಲ ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದೆವು. ಅರ್ಥ ಏನು ಎಂದು ಒಮ್ಮೆ ಕೇಳಿದಳು. "ಗೌರವದ ಹೆಸರು" ಎಂದೆವು. "ವಯಸ್ಸಿನ ಹೆಸರು ಅಂತ ನಿಮ್ಮ ಮುಖದಲ್ಲೇ ಗೊತ್ತಾಗುತ್ತೆ. ಇರಲಿ" ಎಂದಳು.

ಅವಳಿಗೂ ನಮಗೂ ನಂಟು ಬೆಳೆದದ್ದು ಗೃಹಪ್ರವೇಶದಿಂದ. ಉತ್ತರ ಸ್ಯಾನ್ ಡಿಯೇಗೊದಲ್ಲಿ ಯಾವ ಕನ್ನಡದವರು ಮನೆ ಕೊಂಡರೂ ಮೊದಲು ಒಳಗೆ ಹಸು ಬರಬೇಕು. ಹಸು ಕಳಿಸುವವಳು ಅಜ್ಜಿ. ಅವಳ ಮಂದೆಯಲ್ಲಿ ಒಂದು ಕಂದು ಬಣ್ಣದ ಸಾಧು ಹಸು ಇತ್ತು. ಅಜ್ಜಿ ಅದನ್ನು ಬಿಸ್ಕತ್ ಎನ್ನುತ್ತಿದ್ದಳು, ನಾವು ಗೌರಿ ಎನ್ನುತ್ತಿದ್ದೆವು. ಹಸು ಎರಡಕ್ಕೂ ತಿರುಗಿ ನೋಡುತ್ತಿರಲಿಲ್ಲ.

ನಮ್ಮ ಪೈಕಿ ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್, ಬೆಂಗಳೂರಿನವನು, ಹೊಸ ಮನೆ ಕೊಂಡಾಗ ಗೌರಿ ಟ್ರೇಲರಿನಿಂದ ಇಳಿದು, ಪಕ್ಕದ ಮನೆಯ ಗುಲಾಬಿ ತಿಂದು, ಬಾಗಿಲಿನ ತೋರಣ ತಿಂದು, ನಡುಮನೆಯಲ್ಲಿ ನಿಂತು ಸಗಣಿ ಹಾಕಿತು. ಪುರೋಹಿತರು "ಪರಮ ಶುಭ" ಎಂದರು. ಕಾರ್ಪೆಟ್ ಬಿಳಿಯದಾಗಿತ್ತು. ಅಷ್ಟರಲ್ಲಿ ಬಡಾವಣೆಯ ಸಂಘದ ಕಡೆಯಿಂದ ಒಬ್ಬ ಮನುಷ್ಯ ಬಂದ. ಸಾಕುಪ್ರಾಣಿಗಳನ್ನು ಆರಡಿಯೊಳಗಿನ ಹಗ್ಗದಲ್ಲೇ ಹಿಡಿದಿರಬೇಕು ಎಂಬುದು ನಿಯಮ, ಇದೇನಿದು ಎಂದ.

ಹಗ್ಗ ಹಿಡಿದು ನಿಂತಿದ್ದವರು ಧಾರವಾಡದ ಅಂಕಲ್. ಮೂವತ್ತು ವರ್ಷ ಇಲ್ಲೇ ಸೇತುವೆ ಕಟ್ಟಿಸಿ ರಿಟೈರ್ ಆದ ಸಿವಿಲ್ ಎಂಜಿನಿಯರ್. ಎಲ್ಲ ಗೃಹಪ್ರವೇಶಗಳಲ್ಲೂ ವಾಸ್ತು ನೋಡುವವರು ಅವರೇ. ಜೇಬಿನಿಂದ ಟೇಪ್ ತೆಗೆದು ಹಗ್ಗ ಅಳೆದರು. ಐದೂವರೆ ಅಡಿ. ಆ ಮನುಷ್ಯ ಹಗ್ಗ ನೋಡಿದ, ಹಸು ನೋಡಿದ, ನಿಯಮದಲ್ಲಿ ಇನ್ನೇನೂ ಸಿಗದೆ ಪ್ರಸಾದ ತಿಂದು ಹೋದ.

೨. ಅನುಭವಸ್ಥೆ

ಕೋವಿಡ್ ಕಳೆದ ಮೇಲೆ ಒಂದು ಚಳಿಗಾಲ ಮಳೆ ಹುಚ್ಚೆದ್ದು ಸುರಿಯಿತು. ಅಜ್ಜಿಯ ಹೊಲದ ಈಶಾನ್ಯ ಮೂಲೆಯಲ್ಲಿ ಒಂದು ಹಳ್ಳ. ವರ್ಷದ ಹನ್ನೊಂದು ತಿಂಗಳು ಅದರಲ್ಲಿ ಹಲ್ಲಿ ಓಡಾಡುತ್ತವೆ. ಆ ವಾರ ಅದು ಉಕ್ಕಿ, ಮರದ ದಿಮ್ಮಿ, ಪೊದೆ, ಯಾರದೋ ಮಕ್ಕಳು ಕುಣಿಯುವ ಟ್ರ್ಯಾಂಪೊಲಿನ್, ಎಲ್ಲ ತಂದು ಬೇಲಿಗೆ ಒತ್ತಿತು. ಒಂದು ಕಡೆ ಕಿತ್ತ ಬೇಲಿ ಸ್ವೆಟರಿನ ಎಳೆಯ ಹಾಗೆ ಸುತ್ತಲೂ ಕಿತ್ತುಕೊಂಡು ಹೋಯಿತು. ದಕ್ಷಿಣದ ರಸ್ತೆಗಿದ್ದ ಗೇಟೂ ಕಿತ್ತು ಹಳ್ಳ ಸೇರಿತು. ದನಗಳು ದಿಬ್ಬದ ಮೇಲಿದ್ದವು, ಉಳಿದವು. ನೆರೆಯವನು ಅವನ್ನು ತನ್ನ ಹೊಲದಲ್ಲಿ ಬಿಟ್ಟುಕೊಂಡ, ಆದರೆ ಏಪ್ರಿಲ್ ಕೊನೆಗೆ ಅವನ ದನಗಳೇ ವಾಪಸ್ ಬರುತ್ತವೆ. ಅಷ್ಟರೊಳಗೆ ಅಜ್ಜಿಯ ಬೇಲಿ ಎದ್ದು ನಿಲ್ಲದಿದ್ದರೆ ಮಂದೆ ಹರಾಜಿಗೆ.

ಕೋವಿಡ್ ಕಾಲದಿಂದ ನಾವು ಕನ್ನಡದವರು ವಾರಕ್ಕೊಮ್ಮೆ ಸೇರುತ್ತಿದ್ದ ಜೂಮ್ ಮೀಟಿಂಗಿಗೆ ಸುದ್ದಿ ಬಂತು. ಧಾರವಾಡದ ಆಂಟಿ, ಅಂಕಲ್‌ರ ಹೆಂಡತಿ, ಪರದೆಯ ಮೂಲೆಯಿಂದ ಒಂದೇ ಮಾತು ಹೇಳಿದರು. "ನಿಮ್ಮೆಲ್ಲಾರ ಮನಿಯೊಳಗ ಮೊದಲ ಕಾಲಿಟ್ಟಾಕಿ ಗೌರಿ. ಆಕೀನ್ನ ಲಿಲಾವಿಗೆ ಕಳಿಸಿ ನೀವು ಸೋಫಾದ ಮ್ಯಾಲೆ ಕುಂಡ್ರತೀರೇನು?"

ಎಲ್ಲರೂ ಸೋಫಾದ ಮೇಲೆ ಕೂತೇ ಕೇಳುತ್ತಿದ್ದರು. ಯಾರೂ ಕ್ಯಾಮೆರಾ ಆಫ್ ಮಾಡುವ ಧೈರ್ಯ ಮಾಡಲಿಲ್ಲ.

ನಾನಿರುವುದು ಎರಡು ಗಂಟೆ ದೂರದ ಲಾಸ್ ಏಂಜಲೀಸ್‌ನಲ್ಲಿ, ತಪ್ಪಿಸಿಕೊಳ್ಳಬಹುದಿತ್ತು. ಆದರೆ ಒಮ್ಮೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಒಳನಾಡಿನಲ್ಲಿ, ನೆರೆ ಇಳಿದ ಮೇಲೆ, ರೈತರ ಬೇಲಿ ಕಟ್ಟುವ ಸ್ವಯಂಸೇವಕರ ಜೊತೆ ಒಂದು ತಿಂಗಳು ಇದ್ದೆ. ಹೋಟೆಲ್ ನೆರೆಯಲ್ಲಿ ಮುಳುಗಿತ್ತು, ಪರೀಕ್ಷಿಸಲು ಹಾಸಿಗೆ ಇರಲಿಲ್ಲ. ಇದನ್ನು ಬಾಯಿ ತಪ್ಪಿ ಹೇಳಿದ್ದಕ್ಕೆ ನನ್ನನ್ನು ಅನುಭವಸ್ಥೆ ಎಂದು ನೇಮಿಸಿದರು. ನಾನೂ ಗಂಭೀರವಾಗಿ ಹೇಳಿದೆ: "ಹಳ್ಳ ದಾಟುವ ಕಡೆ ಬೇಲಿ ಗಟ್ಟಿಯಾಗಿ ಕಟ್ಟಬಾರದು. ಅಲ್ಲಿ ಸಡಿಲವಾದ ಒಂದು ಬಾಗಿಲ ಹಾಗೆ ಬಿಡ್ತಾರೆ. ನೀರು ಬಂದರೆ ಅದು ತೆರೆದುಕೊಳ್ಳುತ್ತೆ, ಉಳಿದ ಬೇಲಿ ಉಳಿಯುತ್ತೆ."

ಮ್ಯಾನೇಜರ್, "ತುಂಬಾ ಒಳ್ಳೆ ಪಾಯಿಂಟ್ ಮೇಡಂ, ಎರಡನೇ ಹಂತದಲ್ಲಿ ನೋಡೋಣ" ಎಂದ. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಎರಡನೇ ಹಂತ ಎಂದರೆ ಮುಂದಿನ ಜನ್ಮ.

೩. ಮೊದಲ ಶನಿವಾರ

ಶುಕ್ರವಾರ ಸಂಜೆ ಫ್ರೀವೇ ಹಿಡಿದು, ಟ್ರಾಫಿಕ್‌ನಲ್ಲಿ ಬಾಳೆಹಣ್ಣು ತಿನ್ನುತ್ತಾ ರಾಂಚೊ ಪೆನಾಸ್ಕಿಟೋಸ್‌ನ ನನ್ನ ಗೆಳತಿಯ ಮನೆ ಸೇರಿದೆ. ಅವಳು ಮಂಗಳೂರಿನವಳು, ಟೊರ್ರಿ ಪೈನ್ಸ್‌ನ ಲ್ಯಾಬಿನಲ್ಲಿ ಇಲಿಗಳ ಮೇಲೆ ಸಂಶೋಧನೆ. ಬೆಳಿಗ್ಗೆ ಅವಳು ಕೆಲಸದ ಗ್ಲೌಸ್ ಎಂದು ತಂದದ್ದು ಲ್ಯಾಬಿನ ನೀಲಿ ತೆಳು ಗ್ಲೌಸ್. ಮುಳ್ಳುತಂತಿ ಮುಟ್ಟಿದ ಕೂಡಲೇ ಚಿಂದಿಯಾಯಿತು.

"ಎಂತ ಮಾರಾಯ್ತಿ, ಇದರಲ್ಲಿ ನಾನು ವೈರಸ್ ಹಿಡಿದಿದ್ದೇನೆ" ಎಂದಳು.

"ವೈರಸ್ಸಿಗೆ ಮುಳ್ಳಿಲ್ಲ" ಎಂದಳು ಅಜ್ಜಿ. ಹೋಗಿ ತನ್ನ ಗಂಡನ ಹಳೆಯ ಚರ್ಮದ ಗ್ಲೌಸ್ ತಂದುಕೊಟ್ಟಳು.

ಗೆಳತಿಗೆ ಸಮಾಧಾನವಿಲ್ಲ. ನನ್ನ ಕಿವಿಯಲ್ಲಿ, "ವೈರಸ್ಸಿಗೂ ಮುಳ್ಳು ಉಂಟು, ಚಿತ್ರದಲ್ಲಿ ನೋಡಿಲ್ವಾ? ಈಗ ಹೇಳಿದ್ರೆ ಗ್ಲೌಸ್ ವಾಪಸ್ ಕೇಳ್ತಾರೋ ಏನೋ" ಎಂದಳು.

ಎಂಟು ಗಂಟೆಗೆ ಎಲ್ಲರೂ ಸೇರಿದರು. ಎರಡು ವರ್ಷ ಪರದೆಯ ಮೇಲೆ ಬರೀ ಮುಖ ನೋಡಿದ್ದ ನಮಗೆ ಪರಸ್ಪರರ ಕಾಲು ನೋಡುವುದೇ ಒಂದು ಸಂಭ್ರಮ. "ಅಯ್ಯೋ, ನೀನು ಇಷ್ಟು ಎತ್ತರಾನಾ?" ಎಂದು ಕೇಳಿಕೊಳ್ಳುವುದರಲ್ಲೇ ಒಂಬತ್ತಾಯಿತು. ಆಮೇಲೆ ಗುದ್ದಲಿ ಪೂಜೆ. ಆಮೇಲೆ ಮ್ಯಾನೇಜರ್ ಆಫೀಸಿನ ಬೆಳಗಿನ ಮೀಟಿಂಗಿನ ಹಾಗೆ ಎಲ್ಲರನ್ನೂ ವೃತ್ತಾಕಾರದಲ್ಲಿ ನಿಲ್ಲಿಸಿ, ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಅಡಚಣೆ ಏನು ಎಂದು ಕೇಳಿದ. ಅಜ್ಜಿಯ ಸರದಿ ಬಂತು.

"ನಿನ್ನೆ ನಿಮಗಾಗಿ ಕಾದೆ, ಇವತ್ತೂ ಕಾಯ್ತಿದ್ದೇನೆ. ಅಡಚಣೆ ಈ ಮೀಟಿಂಗು" ಎಂದಳು.

ಕಂಬ ಹೂಳಲು ಶುರು ಮಾಡಿ ಬೆವರು ಹನಿಯುವಷ್ಟರಲ್ಲಿ ಆಂಟಿ ಡಿಕ್ಕಿ ತೆಗೆದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ, ಗೋಧಿ ಹುಗ್ಗಿ. ಹೊಲಕ್ಕೆ ಹೋದವರಿಗೆ ಬುತ್ತಿ ಬೇಡವೇ ಎಂಬುದು ಅವರ ವಾದ. ಅಜ್ಜಿ ತನಗೆಂದು ತಂದಿದ್ದ ಒಂದು ಸ್ಯಾಂಡ್‌ವಿಚ್ ಅನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು ತಟ್ಟೆ ಹಿಡಿದಳು. ಉಂಡವರೆಲ್ಲ ಓಕ್ ಮರದ ಕೆಳಗೆ ಒರಗಿದರು. ಮ್ಯಾನೇಜರ್ ಗೊರಕೆ ಹೊಡೆದ.

ಸಂಜೆ ಹೊರಡುವಾಗ ಅಜ್ಜಿ ಕಂಬಗಳನ್ನು ನೋಡಿದಳು, ಖಾಲಿ ಡಬ್ಬಗಳನ್ನು ನೋಡಿದಳು. "ಮುಂದಿನ ವಾರ ಊಟ ಸ್ವಲ್ಪ ಕೆಟ್ಟದಾಗಿ ಮಾಡಿ. ಇಲ್ಲದಿದ್ದರೆ ನನ್ನ ದನ ಹೋಗುತ್ತೆ" ಎಂದಳು.

ಆಂಟಿಗೆ ಇಂಗ್ಲಿಷಿನಲ್ಲಿ ಅಷ್ಟು ದೊಡ್ಡ ಹೊಗಳಿಕೆ ಯಾರಿಂದಲೂ ಬಂದಿರಲಿಲ್ಲ. ಮುಂದಿನ ವಾರ ಹೋಳಿಗೆ ತಂದರು.

೪. ಮಾಲೆ

ಬೇಲಿಯಲ್ಲಿ ತಂತಿ ಎಳೆಯುವುದು ಒಂದು ಕೆಲಸ, ಎಳೆದ ತಂತಿಯನ್ನು ಕಂಬಕ್ಕೆ ಬಿಗಿಯುವುದು ಇನ್ನೊಂದು. ಈ ಎರಡನೆಯದು ನಮ್ಮ ಗಂಡಸರಿಗೆ ಒಲಿಯಲಿಲ್ಲ. ಸಾಫ್ಟ್‌ವೇರಿನ ಮೂವರು ಸೇರಿ ಒಂದು ಗಂಟು ಹಾಕಿ, ಫೋಟೊ ತೆಗೆದುಕೊಂಡು, ಕೈ ಬಿಟ್ಟರೆ ಗಂಟು ಬಿಚ್ಚಿಕೊಳ್ಳುತ್ತಿತ್ತು.

ಆಂಟಿ ಸ್ವಲ್ಪ ಹೊತ್ತು ನೋಡಿದರು. ಇಕ್ಕಳ ಕಿತ್ತುಕೊಂಡು, "ಸರೀರಿ ಅತ್ತಾಗ" ಎಂದು ಕೂತರು. ಮೊಗ್ಗಿನ ಮಾಲೆ ಕಟ್ಟುವ ಹಾಗೆ ಒಂದು ಸುತ್ತು, ಒಂದು ಕೊಕ್ಕೆ, ಒಂದು ಜಗ್ಗು. ಮಾತು ನಿಲ್ಲಿಸದೆ, ತಂಗಿಯ ಮಗಳ ಸೀಮಂತದ ಕಥೆ ಹೇಳುತ್ತಾ, ಸಂಜೆಯೊಳಗೆ ಪಶ್ಚಿಮದ ಬದಿ ಮುಗಿಸಿದರು. ಗೆಳತಿಯೂ ನಾನೂ ಹಿಂದೆ ಹಿಂದೆ ತಂತಿ ತುಂಡು ಕೊಡುವವರು, ಥೇಟ್ ಹೂ ಕೊಡುವವರ ಹಾಗೆ. ಗಂಟುಗಳೆಲ್ಲ ಒಂದೇ ಅಂತರದಲ್ಲಿ, ಎಲ್ಲದರ ಬಾಲ ಒಂದೇ ಕಡೆ.

ಅಜ್ಜಿ ಬೇಲಿಯುದ್ದಕ್ಕೂ ನಡೆದು ನೋಡಿದಳು. "ಐವತ್ತು ವರ್ಷದಲ್ಲಿ ನನ್ನ ಬೇಲಿ ಗಟ್ಟಿಯಾಗಿದ್ದದ್ದುಂಟು, ಓರೆಯಾಗಿದ್ದದ್ದುಂಟು. ಚೆಂದ ಇದ್ದದ್ದು ಇದೇ ಮೊದಲು" ಎಂದಳು. ಆಮೇಲೆ ಸಂಶಯದಿಂದ, "ದನಗಳಿಗೆ ಅಭ್ಯಾಸ ಇಲ್ಲ" ಎಂದಳು.

೫. ಯಾರಾದರೂ ಹೇಳುತ್ತಾರೆ

ಈಗ ಅಂಕಲ್ ವಿಷಯ. ಕೊನೆಯ ಶನಿವಾರಕ್ಕೆ ಉಳಿದದ್ದು ಗೇಟು ಒಂದೇ. ಭಾನುವಾರ ಬೆಳಿಗ್ಗೆ ದನಗಳು ಬರುತ್ತವೆ. ನೆರೆಯವನು ಟ್ರಕ್ ಗೊತ್ತು ಮಾಡಿಯಾಗಿತ್ತು, ಸೋಮವಾರ ಅದೇ ಟ್ರಕ್ ಹರಾಜಿನ ಅಂಗಳಕ್ಕೂ ಹೋಗುವುದಿತ್ತು. ಅಜ್ಜಿ ಆ ದಿನ ಹಲ್ಲಿನ ಡಾಕ್ಟರ ಬಳಿ ಹೋಗಿದ್ದಳು. ಹೊಸ ಗೇಟು ಹುಲ್ಲಿನ ಮೇಲೆ ಮಲಗಿತ್ತು.

ಅಂಕಲ್ ದಿಕ್ಸೂಚಿ ಹಿಡಿದು ಹೊಲ ಸುತ್ತಿ ಬಂದರು. "ಗೇಟ್ ಎಲ್ಲಿತ್ತರಿ ಮೊದಲ?"

"ದಕ್ಷಿಣಕ್ಕೆ, ಅಂಕಲ್. ರಸ್ತೆ ಕಡೆ" ಎಂದ ಮ್ಯಾನೇಜರ್.

"ಅದಕ್ಕ ನೋಡ್ರಿ ಹಿಂಗಾತು. ದಕ್ಷಿಣಕ್ಕ ಬಾಗಲಾ ಇಟ್ಟು ಯಾರ ಉದ್ಧಾರ ಆಗ್ಯಾರ? ಈಶಾನ್ಯಕ್ಕ ಹಾಕ್ರಿ. ಎಲ್ಲಾ ಸುದ್ದ ಆಕ್ಕತಿ."

ಈಶಾನ್ಯ ಎಂದರೆ ಹಳ್ಳ. ರಸ್ತೆಯಿಲ್ಲ, ಕಲ್ಲುಗುಂಡು, ಆಚೆ ಕಡಿದಾದ ಗುಡ್ಡ. ಇದು ನಿಂತ ಎಲ್ಲರಿಗೂ ಕಾಣುತ್ತಿತ್ತು. ಮ್ಯಾನೇಜರ್ ನನ್ನನ್ನು ನೋಡಿದ. ನಾನು ಗೆಳತಿಯನ್ನು ನೋಡಿದೆ. ಗೆಳತಿ ಆಂಟಿಯನ್ನು ನೋಡಿದಳು. ಆಂಟಿ ಇಕ್ಕಳ ನೋಡಿದರು. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಯಾವ ಯುದ್ಧ ಮಾಡಬೇಕು, ಯಾವುದು ಬೇಡ ಎಂಬ ಲೆಕ್ಕ ಇರುತ್ತದೆ.

ಹಿರಿಯರಿಗೆ ಇಲ್ಲ ಅನ್ನುವುದನ್ನು ನಮಗೆ ಯಾರೂ ಕಲಿಸಿಲ್ಲ. ಆಫೀಸಿನಲ್ಲಿ ವೈಸ್ ಪ್ರೆಸಿಡೆಂಟನ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಹುಡುಗರು, ಒಬ್ಬೊಬ್ಬರಾಗಿ "ಆಯ್ತು ಅಂಕಲ್, ಆಯ್ತು ಅಂಕಲ್" ಎನ್ನುತ್ತಾ ಗೇಟು ಹೊತ್ತುಕೊಂಡು ಹಳ್ಳಕ್ಕೆ ಇಳಿದರು. ಗೇಟು ಅಲ್ಲಿ ಎದ್ದಿತು, ನೀರು ಹರಿದುಹೋಗುವ ದಿಕ್ಕಿಗೆ ತೆರೆದುಕೊಳ್ಳುವ ಹಾಗೆ. ದಕ್ಷಿಣದಲ್ಲಿ ಗೇಟಿನ ಜಾಗಕ್ಕೆ ಐದು ಸಾಲು ತಂತಿ ಬಿಗಿದು, ಆಂಟಿ ಮಾಲೆಗಂಟು ಹಾಕಿದರು.

ವಾಪಸ್ ಹೋಗುವಾಗ ಕಾರಿನಲ್ಲಿ ಗೆಳತಿ ಕೇಳಿದಳು, "ನೀನು ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂದುಕೊಂಡೆ."

"ನಾನು ಮ್ಯಾನೇಜರ್ ಹೇಳ್ತಾನೆ ಅಂತ ಎಣಿಸಿದೆ ಮಾರಾಯ್ತಿ."

ಮ್ಯಾನೇಜರಿಗೆ ಫೋನ್ ಮಾಡಿದೆವು. ಅಜ್ಜಿ ಬಂದು ಹೇಳುತ್ತಾಳೆ ಎಂದು ಅವನು ನಂಬಿದ್ದ.

೬. ಟ್ರಕ್ ಬಂತು

ಅಜ್ಜಿ ಬಂದಳು, ಭಾನುವಾರ ಬೆಳಿಗ್ಗೆ, ಟ್ರಕ್ಕಿನ ಮುಂದಿನ ಸೀಟಿನಲ್ಲಿ ಕೂತು, ಒಂದು ಕೆನ್ನೆ ಊದಿಸಿಕೊಂಡು. ಹಿಂದೆ ದನಗಳು ಒದರುತ್ತಿದ್ದವು. ನಾವೆಲ್ಲ ಸ್ನಾನ ಮಾಡಿ, ಆಂಟಿ ಇಳಕಲ್ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ರಸ್ತೆಯ ಬದಿ ಸಾಲಾಗಿ ನಿಂತಿದ್ದೆವು. ನಮ್ಮ ಹಿಂದೆ ಫಳಫಳ ಹೊಳೆಯುವ ಐದು ಸಾಲು ತಂತಿ.

ಅಜ್ಜಿ ಇಳಿದು ತಂತಿ ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಗೇಟು ಎಲ್ಲಿ?"

 ಅಂಕಲ್ ಮುಂದೆ ಬಂದು, ಕೈ ಚಾಚಿ, ದೂರದ ಹಳ್ಳ ತೋರಿಸಿದರು. ಅಜ್ಜಿ ಕಣ್ಣು ಕಿರಿದು ಮಾಡಿ ಅಲ್ಲಿ ನಿಂತಿದ್ದ ಗೇಟನ್ನು ಬಹಳ ಹೊತ್ತು ನೋಡಿದಳು.

"ಆ ಕಡೆಯಿಂದ ಯಾರು ಬರ್ತಾರೆ?"

"ಲಕ್ಷ್ಮಿ" ಎಂದರು ಅಂಕಲ್. ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು, ಸಂಪತ್ತಿನ ದೇವತೆ, ಅವಳಿಗೆ ಆ ದಿಕ್ಕೇ ಇಷ್ಟ.

"ಅವಳ ಹತ್ತಿರ ಟ್ರಕ್ ಇದೆಯೇ?" ಎಂದಳು ಅಜ್ಜಿ.

ಡ್ರೈವರ್ ವಾಚ್ ನೋಡಿಕೊಂಡು, ಇಳಿಸದಿದ್ದರೆ ದನ ಟ್ರಕ್ಕಿನಲ್ಲೇ ಇರುತ್ತವೆ, ನಾಳೆ ನೇರ ಹರಾಜಿಗೆ ಹೋಗುತ್ತೇನೆ ಎಂದ. ಆಗ ಓಡಿದೆವು ನೋಡಿ, ವಾರಗಟ್ಟಲೆ ಇಷ್ಟು ಚುರುಕಾಗಿ ಯಾರೂ ಕೆಲಸ ಮಾಡಿರಲಿಲ್ಲ. ಮ್ಯಾನೇಜರ್ ಮೀಟಿಂಗ್ ಕರೆಯಲಿಲ್ಲ. ಆಂಟಿ ತಾವೇ ಕಟ್ಟಿದ ಗಂಟುಗಳನ್ನು ಬಿಚ್ಚಲು ಹೋಗಿ, ಅಷ್ಟು ಗಟ್ಟಿ ಕಟ್ಟಿದ್ದಕ್ಕೆ ತಮ್ಮನ್ನೇ ಬೈದುಕೊಂಡು, ಕೊನೆಗೆ ಕತ್ತರಿಸಿದರು. ನಾವು ಹಳ್ಳದಿಂದ ಸೊಟ್ಟಗಾದ ಹಳೆಯ ಗೇಟು ಎಳೆದು ತಂದು ಆ ಜಾಗದಲ್ಲಿ ನಿಲ್ಲಿಸಿದೆವು. ಹೊಸ ಗೇಟಿನ ಸರಪಳಿ ಬಿಚ್ಚಿ ಇದಕ್ಕೆ ಹಾಕಿದೆವು. ಹಾಗಾದರೆ ಹಳ್ಳದ ಗೇಟಿಗೆ ಚಿಲಕ ಏನು ಎಂದು ಯಾರೋ ಕೇಳಿದಾಗ, ಆಂಟಿ ಆರತಿ ತಟ್ಟೆಯಲ್ಲಿದ್ದ ಅರಿಶಿನದ ದಾರ ಕೊಟ್ಟು, "ಸದ್ಯಕ್ಕ ಇದನ್ನ ಕಟ್ರಿ, ಮುಂದ ನೋಡೂಣ" ಎಂದರು.

ಗೌರಿ ಮೊದಲು ಇಳಿಯಿತು. ಹಳೆಯ ಗೇಟು ಮೂಸಿತು, ಒಳಗೆ ಹೋಯಿತು. ಉಳಿದವು ಅದರ ಹಿಂದೆ. ಅಜ್ಜಿ ಮುಖ ಆ ಕಡೆ ತಿರುಗಿಸಿ ಕೆನ್ನೆ ಒತ್ತಿಕೊಂಡಳು. "ಹಲ್ಲು ನೋಯ್ತಿದೆ" ಎಂದಳು. ನಮಗೆಲ್ಲರಿಗೂ ಸ್ವಲ್ಪ ಸ್ವಲ್ಪ ಹಲ್ಲು ನೋಯುತ್ತಿತ್ತು.

೭. ದಾರ

ಶನಿವಾರಗಳು ಮುಗಿದವು. ಮ್ಯಾನೇಜರ್ ಟೆಕ್ಸಾಸಿಗೆ ಹೋದ. ಗೆಳತಿ ಇಲಿಗಳೊಂದಿಗೆ ಬಾಸ್ಟನ್ ಸೇರಿದಳು. ಅಂಕಲ್ ಎದುರು ಮಾತ್ರ ಯಾರೂ ಈಶಾನ್ಯ ಎಂಬ ಮಾತು ಎತ್ತುತ್ತಿರಲಿಲ್ಲ. ಅವರೂ ದಿಕ್ಸೂಚಿ ಮನೆಯಲ್ಲೇ ಬಿಟ್ಟು ಓಡಾಡಿದರು. ನೋಡಿದರೆ ಪಾಪ ಅನ್ನಿಸುತ್ತಿತ್ತು.

ಮುಂದಿನ ಚಳಿಗಾಲ ಮತ್ತೆ ಮಳೆ ಬಂತು, ಮತ್ತೆ ಹಳ್ಳ ಉಕ್ಕಿತು. ಮುಚ್ಚಿದ್ದ ರಸ್ತೆ ತೆರೆದ ದಿನವೇ ಅಂಕಲ್, ಆಂಟಿ, ನಾನು ಹೊರಟೆವು. ದಾರಿಯುದ್ದಕ್ಕೂ ಕಣಿವೆಯ ಬೇಲಿಗಳು ಮುದ್ದೆಯಾಗಿ ಬಿದ್ದಿದ್ದವು. ಅಂಕಲ್ ಕಾರಿನಲ್ಲಿ ಬಿದ್ದ ಕಂಬಗಳನ್ನು ಎಣಿಸುತ್ತಾ ಕೂತಿದ್ದರು.

ಅಜ್ಜಿಯ ಬೇಲಿ ನಿಂತಿತ್ತು, ಮಾಲೆಗಂಟಿನ ಸಮೇತ.

ಆದದ್ದು ಇಷ್ಟು. ಹಳ್ಳದ ನೀರು ಕಸಕಡ್ಡಿ ಹೊತ್ತು ಬಂದು ಈಶಾನ್ಯದ ಗೇಟಿಗೆ ಒತ್ತಿದೆ. ಸರಪಳಿ ಇದ್ದಿದ್ದರೆ ಗೇಟು ಬೇಲಿಯನ್ನೂ ಎಳೆದುಕೊಂಡು ಹೋಗುತ್ತಿತ್ತು. ಇದ್ದದ್ದು ಅರಿಶಿನದ ದಾರ. ದಾರ ಪಟ್ ಅಂತ ಹರಿದಿದೆ, ಗೇಟು ಹರಿವಿನ ಜೊತೆ ತೆರೆದುಕೊಂಡಿದೆ, ನೀರು ಸಲೀಸಾಗಿ ದಾಟಿ ಹೋಗಿದೆ. ಎರಡು ದಿನ ಗೇಟು ಪೂರ್ತಿ ತೆರೆದೇ ಇತ್ತಂತೆ. ಒಂದು ದನವೂ ಹೊರಗೆ ಹೋಗಿಲ್ಲ. ಅವುಗಳ ಪ್ರಕಾರ ಗೇಟು ಎಂದರೆ ದಕ್ಷಿಣದ್ದು, ಅವೆಲ್ಲ ಅಲ್ಲೇ ನಿಂತು ಕಾಯುತ್ತಿದ್ದವಂತೆ.

ನಾನು ತಡೆಯಲಾರದೆ, "ಇದನ್ನೇ ನಾನು ಆಸ್ಟ್ರೇಲಿಯಾದಲ್ಲಿ ನೋಡಿದ್ದು. ಜೂಮಿನಲ್ಲಿ ಮೊದಲ ದಿನವೇ ಹೇಳಿದ್ದೆ, ಸಡಿಲವಾದ ಬಾಗಿಲು..." ಎಂದು ಶುರು ಮಾಡಿದೆ. ನನ್ನ ಮಾತು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಅಜ್ಜಿ ಅಂಕಲ್‌ರ ಕೈ ಹಿಡಿದು ಕುಲುಕುತ್ತಿದ್ದಳು. ಅಂಕಲ್‌ರ ಎದೆ ನಿಧಾನವಾಗಿ ಉಬ್ಬುತ್ತಾ ಬಂತು.

"ಈಶಾನ್ಯ ಅಂದ್ರ ನೀರಿನ ದಿಕ್ಕರಿ. ನೀರಿಗೆ ಬಾಗಲಾ ಬ್ಯಾಡೇನು? ನಾ ಹೇಳಿದ್ದೆ ಇಲ್ಲೋ?"

"ಹೇಳಿದ್ರಿ ಅಂಕಲ್" ಎಂದೆ. 

ಈಗ ಆ ಕಣಿವೆಯಲ್ಲಿ ಯಾರು ಬೇಲಿ ಹಾಕಿದರೂ ಮೊದಲು ಅಂಕಲ್ ಬಂದು ದಿಕ್ಕು ನೋಡಬೇಕು. ದೊಡ್ಡ ಹ್ಯಾಟ್ ಹಾಕಿದ ಅಮೆರಿಕನ್ ರೈತರು ಅವರ ಹಿಂದೆ ಕೈಕಟ್ಟಿ ನಡೆಯುತ್ತಾರೆ. ಆಂಟಿ ಊರಿಗೆ ಹೋದಾಗಲೆಲ್ಲ ಸೂಟ್‌ಕೇಸ್ ತುಂಬ ಅರಿಶಿನದ ದಾರ ತರುತ್ತಾರೆ. ಹೋದ ತಿಂಗಳು ನಾನು ಲಾಸ್ ಏಂಜಲೀಸ್‌ನಿಂದ ಹೋಗಿ ಆ ಬೇಲಿಯ ಬಳಿ ನಿಂತು ಹಳೆಯ ಶನಿವಾರಗಳನ್ನು ನೆನೆಯುತ್ತಾ, ಸುಮ್ಮನಿರಲಾರದೆ, ಈ ಗೇಟಿಗೆ ಇನ್ನಾದರೂ ಸರಿಯಾದ ಒಂದು ಚಿಲಕ ಹಾಕಿಸಬಾರದೇ ಎಂದು ಅಜ್ಜಿಯನ್ನು ಕೇಳಿದೆ.

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದಳು.

"ನಿನಗೆ ಬೇಲಿಯ ವಿಷಯ ಗೊತ್ತಿಲ್ಲ. ಇದು ಲಕ್ಷ್ಮಿ ಬರೋ ದಾರಿ. ಟ್ರಕ್ ಓಡಿಸೋಕೆ ಬರಲ್ಲ ಅವಳಿಗೆ, ನಡ್ಕೊಂಡೇ ಬರಬೇಕು. ಬಂದವಳಿಗೆ ಚಿಲಕ ತೆಗಿ ಅಂದ್ರೆ ಹೇಗೆ?"